ಸೀಟು ಬೇಡವಾದ ಲೋಕಲ್, ಇಪ್ಪತ್ತೆಂಟು ಸೇಕ್

ಮುಂಬಯಿಯ ಫೋರ್ಟ್‌ನ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವನು ನಾನು. ಕೂತು ಕೂತು ಮೂಲವ್ಯಾಧಿ ಬಂತು ಅಂದುಕೊಂಡೆ. ಮನೆ ಹತ್ತಿರದ ಡಾಕ್ಟರೂ ಹಾಗೇ ಅಂದರು; ಪರೀಕ್ಷೆ ಮಾಡದೆ ಎಂಟು ತಿಂಗಳು ಮುಲಾಮು ಬರೆದರು. ರಕ್ತ ನಿಲ್ಲಲಿಲ್ಲ. ಬಯಾಪ್ಸಿಯಲ್ಲಿ ಗುದದ್ವಾರದ ಕ್ಯಾನ್ಸರ್ ಎಂದು ಬಂತು. ಊರಿಗೆ ಫೋನ್ ಮಾಡಿ ‘ಹೊಟ್ಟೆಯದು’ ಅಂದೆ.

ನನಗೆ ಹೆದರಿಕೆ ಇದ್ದದ್ದು ಆಪರೇಷನ್ ಆದಮೇಲೆ ಮಲಕ್ಕೆಂದು ಹೊಟ್ಟೆಗೆ ಅಂಟಿಸುವ ಚೀಲದ್ದು. ಪರೇಲಿನ ಆಸ್ಪತ್ರೆಯ ಡಾಕ್ಟರು ಆಪರೇಷನ್ನೇ ಬೇಡ, ಕೀಮೋ, ರೇಡಿಯೇಷನ್ ಸಾಕು ಅಂದರು. 1974ರಲ್ಲಿ ಅಮೆರಿಕದ ಸರ್ಜನ್ ನಾರ್ಮನ್ ನಿಗ್ರೋ ಇದೇ ಕ್ಯಾನ್ಸರಿನ ಮೂವರ ವಿಷಯ ಬರೆದಿದ್ದರಂತೆ. ಗಡ್ಡೆ ಕುಗ್ಗಲಿ ಎಂದು ಮೊದಲು ಕೀಮೋ, ರೇಡಿಯೇಷನ್ ಎರಡನ್ನೂ ಕೊಟ್ಟರು. ಇಬ್ಬರ ಆಪರೇಷನ್‌ನಲ್ಲಿ ತೆಗೆದ ಭಾಗದಲ್ಲಿ ಕ್ಯಾನ್ಸರೇ ಇರಲಿಲ್ಲ. ಮೂರನೆಯವರು ಆಪರೇಷನ್‌ಗೇ ಒಪ್ಪಲಿಲ್ಲ. ಆ ಮೂರನೆಯವರ ಮೇಲೆ ನನಗೆ ಬಹಳ ಅಭಿಮಾನ!

ಮೊದಲ ದಿನ ಮೈಟೊಮೈಸಿನ್ ಎಂಬ ಕೀಮೋ ಇಂಜೆಕ್ಷನ್, ನೇರಳೆಹಣ್ಣು ಹಿಂಡಿದ ಬಣ್ಣ. ಆಮೇಲೆ ಸೇಕ್, ಅಂದರೆ ರೇಡಿಯೇಷನ್, ಇರುವ ದಿನಗಳಲ್ಲಿ ಬೆಳಿಗ್ಗೆ ರಾತ್ರಿ ಊಟವಾದ ಮೇಲೆ ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆ. ಊರಲ್ಲಿ ‘ಕರೆಂಟ್ ಇಡುವುದು’ ಅನ್ನುವುದನ್ನೇ ಇಲ್ಲಿ ಸೇಕ್ ಅನ್ನುತ್ತಾರೆ. ಸೋಮವಾರದಿಂದ ಶುಕ್ರವಾರ, ಒಟ್ಟು 28 ಸಲ, ಕಿರಣದ ಅಳತೆಯಲ್ಲಿ 50.4 ಗ್ರೇ. ಮೂತ್ರಕೋಶ ತುಂಬಿರಬೇಕು, ಆಗ ಸಣ್ಣ ಕರುಳು ಮೇಲಕ್ಕೆ ಸರಿದು ಕಿರಣದಿಂದ ತಪ್ಪಿಸಿಕೊಳ್ಳುತ್ತದೆ. ಒಮ್ಮೆ ಡೊಂಬಿವಲಿಯ ಮನೆಯಲ್ಲೇ ನೀರು ಕುಡಿದು ಹೊರಟು, ಠಾಣೆ ದಾಟುವಷ್ಟರಲ್ಲಿ ದೇವರು ಕಂಡ. ಆಮೇಲೆ ಆಸ್ಪತ್ರೆಯಲ್ಲೇ ಕುಡಿಯುತ್ತಿದ್ದೆ. ‘ಕಾಕಾ, ಪಾಣೀ ಪ್ಯಾಯ್ಲಾತ್ ಕಾ?’ (ನೀರು ಕುಡಿದಿರಾ?) ಎಂದು ಮೆಷಿನ್ ನಡೆಸುವ ಹುಡುಗಿ ಕೇಳದೆ ಮೆಷಿನ್ ಶುರುವಾಗುತ್ತಿರಲಿಲ್ಲ.

ಎರಡು ವಾರ ಸಲೀಸು. ಮೂರನೆಯದರಿಂದ ಚರ್ಮ ಕೆಂಪಾಗಿ, ಸುಲಿದು, ಕಡೆಗೆ ಒಸರತೊಡಗಿತು. ಕಕ್ಕಸಿಗೆ ಹೋಗುವುದೆಂದರೆ ಮೆಣಸಿನಪುಡಿಯ ಮೇಲೆ ಕೂತಂತೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ದಿನಕ್ಕೆ ನಾಲ್ಕು ಸಲ ಹತ್ತು ನಿಮಿಷ ಕೂರುತ್ತಿದ್ದೆ. ಒರೆಸಿಕೊಳ್ಳುವಂತಿಲ್ಲ, ಹತ್ತಿಬಟ್ಟೆಯಿಂದ ಒತ್ತಿಕೊಳ್ಳಬೇಕು. ಪ್ಯಾಂಟ್ ಬಿಟ್ಟು ಹಳೆಯ ಪಂಚೆ ಉಟ್ಟೆ. ಸಾಂಬಾರಿಲ್ಲದ ಇಡ್ಲಿ, ಗಂಜಿ. ಹೋಟೆಲಿನವನಿಗೆ ಇದಕ್ಕಿಂತ ಶಿಕ್ಷೆ ಬೇಕೆ? ಆ ದಿನಗಳಲ್ಲಿ ಲೋಕಲ್‌ನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ಬೇಡ ಎಂದು ಕೈಮುಗಿಯುತ್ತಿದ್ದೆ. ಬಿಳಿ ರಕ್ತಕಣ ಇಳಿದು ಸೋಂಕಿನ ಭಯವಾದಾಗ, ಗದ್ದಲದ ಗಾಡಿಯೇ ಬೇಡವೆಂದು ಹೆಂಡತಿ ಮಾಟುಂಗಾದ ಅಣ್ಣನ ಮನೆಗೆ ಕರೆದುಕೊಂಡು ಹೋದಳು. ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ನೇರ ಆಸ್ಪತ್ರೆಗೆ ಬರಬೇಕೆಂದು ಅವಳಿಗೆ ಹೇಳಿದ್ದರು.

ಈ ಕ್ಯಾನ್ಸರಿಗೆ ಹೆಚ್ಚಿನವರಲ್ಲಿ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್; ಗರ್ಭಕಂಠದ ಕ್ಯಾನ್ಸರಿಗೂ ಅದೇ. ಹಾಗಾಗಿ ಹೆಂಡತಿಗೂ ಗರ್ಭಕಂಠದ ಪರೀಕ್ಷೆ ಮಾಡಿಸಿದೆವು. ಸಂಕೋಚವಾಯಿತು, ಆದರೂ ಮಾಡಿಸಿದೆವು.

ಸೇಕ್ ಮುಗಿದು 11 ವಾರಕ್ಕೆ ಗಂಟು ಇನ್ನೂ ಕೈಗೆ ಸಿಗುತ್ತಿತ್ತು. ನಾನು ಕುಸಿದೆ. ಡಾಕ್ಟರು ಅವಸರ ಮಾಡಲಿಲ್ಲ: ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ 11 ವಾರಕ್ಕೆ ಉಳಿದಿದ್ದ ಎಷ್ಟೋ ಜನರ ಗಡ್ಡೆ 26 ವಾರಕ್ಕೆ ಹೋಗಿತ್ತಂತೆ. ಕಾದೆವು. 26ನೇ ವಾರ ಎಂಆರ್‌ಐ ನೋಡಿ, ಗ್ಲೌಸ್ ಹಾಕಿ ಬೆರಳಿಟ್ಟು ಪರೀಕ್ಷಿಸಿ, ‘ಏನೂ ಇಲ್ಲ’ ಅಂದರು. ಬೆರಳಿಟ್ಟು ನೋಡಲು ಒಂದು ನಿಮಿಷವೂ ಹಿಡಿಯಲಿಲ್ಲ. ಆ ಎಂಟು ತಿಂಗಳ ಮುಲಾಮಿನ ಟ್ಯೂಬುಗಳು ನೆನಪಾದವು.