ಗೊತ್ತಿಲ್ಲದ ಜಾಗದಲ್ಲಿ ಮದುಮಕ್ಕಳ ಫೋಟೊ: ಮೊದಲು ನೆರಳು ಹುಡುಕಿ

ಹೊಸ ಜಾಗ ಅಂದಕೂಡಲೇ ಇನ್‌ಸ್ಟಾಗ್ರಾಮ್‌ನಲ್ಲಿ ಅಲ್ಲಿನ ಫೋಟೊ ಹುಡುಕುತ್ತೇವೆ. ಅದರಿಂದ ಹಿನ್ನೆಲೆ ತಿಳಿಯುತ್ತದೆಯೇ ಹೊರತು ಬೆಳಕು ತಿಳಿಯುವುದಿಲ್ಲ. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ಬನ್ನಿ. ಆಗದಿದ್ದರೆ ಜೋಡಿಗಿಂತ 45 ನಿಮಿಷ ಮೊದಲಾದರೂ ತಲುಪಿ. ಮುಷ್ಟಿಯನ್ನು ಕಣ್ಣಿನ ಎತ್ತರಕ್ಕೆ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ. ನಿಮಗೆ ಕಾಣುವ ಗೆಣ್ಣುಗಳ ನಡುವಿನ ನೆರಳು ಯಾವ ದಿಕ್ಕಿಗೆ ತಿರುಗಿದಾಗ ಕರಗುತ್ತದೋ, ಅತ್ತಲೇ ನೋಡುತ್ತಾ ನಿಂತು ಮದುಮಕ್ಕಳನ್ನು ಮುಷ್ಟಿಯ ಜಾಗದಲ್ಲಿ ನಿಮ್ಮ ಕಡೆ ಮುಖ ಮಾಡಿಸಿ ನಿಲ್ಲಿಸಿ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುತ್ತಾನೆ. ವಿದೇಶಿ ಯೂಟ್ಯೂಬ್ ಪಾಠಗಳಲ್ಲಿ ಬರುವ ಉದ್ದನೆಯ ಹೊಂಬಿಸಿಲು ನಮಗಿಲ್ಲ. ಒಳ್ಳೆಯ ಬೆಳಕು ಸಿಗುವುದು ಅರ್ಧ ಗಂಟೆ, ಅಷ್ಟೇ. ನವೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು 5:50ಕ್ಕೆ, ಜುಲೈನಲ್ಲಿ 6:50ರ ಹತ್ತಿರ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರುವ ಜೋಡಿಗೆ ಒಂದು ಗಂಟೆ ಮುಂಚಿನ ಸಮಯ ಹೇಳಿದರೆ ಪಾಪವೇನಿಲ್ಲ.

ಹೆಚ್ಚು ಫೋಟೊ ಕೆಡುವುದು ಮರದ ಕೆಳಗೆ. ಎಲೆ ಸಂದಿಯಿಂದ ಬೀಳುವ ಚುಕ್ಕೆ ಬಿಸಿಲು ಕೆನ್ನೆ ಮೇಲೆ ಕೂತರೆ ಎಡಿಟಿಂಗ್‌ನಲ್ಲೂ ಹೋಗದು. ನಟ್ಟನಡುವೆ ನಿಲ್ಲಿಸಬೇಡಿ. ನೆರಳಿನ ಅಂಚಿನಿಂದ ಎರಡು ಮೂರು ಅಡಿ ಒಳಗೆ, ಬಯಲಿನ ಕಡೆ ಮುಖ ಮಾಡಿಸಿ ನಿಲ್ಲಿಸಿ. ಹುಲ್ಲುಹಾಸಿನ ಹಸಿರು ಗಲ್ಲದ ಕೆಳಗೆ ಹೊಡೆಯುತ್ತದೆ. ಅದಕ್ಕೆ ಫ್ರೇಮಿನ ಹೊರಗೆ, ಕಾಲ ಮುಂದೆ ಒಂದು ಬಿಳಿ ಪಂಚೆ ಹಾಸಿ. ಹಸಿರೂ ತಗ್ಗುತ್ತದೆ, ಕಣ್ಣಿನ ಕೆಳಗಿನ ಕಪ್ಪೂ ತುಂಬುತ್ತದೆ. ಚಿನ್ನದ ಬಣ್ಣದ ರಿಫ್ಲೆಕ್ಟರ್ ಮಾತ್ರ ಬೇಡ, ಅರಿಶಿನ ಹಚ್ಚಿದ ಮುಖ ಕಾಮಾಲೆ ಬಂದಂತೆ ಕಾಣುತ್ತದೆ.

ನೆರಳಿನಲ್ಲಿ 85 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/2.8ರಿಂದ ಎಫ್/4, ಶಟರ್ 1/250 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ರಿಂದ ಶುರು ಮಾಡಿ. ಹಿನ್ನೆಲೆ ಮಸುಕಾಗಲೆಂದು ಕಿಂಡಿ ದೊಡ್ಡದಾಗುವ ಎಫ್/1.4ರ ಆಸೆಗೆ ಬಿದ್ದರೆ ಒಬ್ಬರ ಕಣ್ಣು ಚೂಪು, ಇನ್ನೊಬ್ಬರದು ಮಸುಕು. ಕೆಂಪು ರೇಷ್ಮೆ ಫ್ರೇಮ್ ತುಂಬಿದಾಗ ಆಟೊ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಸರಿಪಡಿಸುವುದು) ತಪ್ಪುತ್ತದೆ. 5,600 ಕೆಲ್ವಿನ್ ಹತ್ತಿರ ಕಟ್ಟಿಹಾಕಿ, ಆಮೇಲೆ ಬಣ್ಣ ತಿದ್ದಲು ಅನುವಾಗುವ ರಾ ಫೈಲ್‌ನಲ್ಲೇ ತೆಗೆಯಿರಿ. ಅತಿ ಬೆಳಕಾದ ಜಾಗವನ್ನು ಪರದೆಯಲ್ಲಿ ಮಿನುಗಿಸಿ ತೋರಿಸುವ ಹೈಲೈಟ್ ಎಚ್ಚರಿಕೆ ಆನ್ ಇರಲಿ. ಜರಿ ಅಂಚು, ಬಿಳಿ ಪೇಟ ಪರದೆಯಲ್ಲಿ ಹಾಗೆ ಮಿನುಗಿದರೆ ಎಕ್ಸ್‌ಪೋಶರ್ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ. ಅತಿ ಬೆಳಕಿಗೆ ಬೆಳ್ಳಗೆ ಹಾರಿದ ಜರಿ ಮತ್ತೆ ಬರುವುದಿಲ್ಲ. ಎದುರು ಬಿಸಿಲಲ್ಲಿ ಫ್ಲ್ಯಾಶ್ ಬಳಸುತ್ತಾ ಶಟರ್ 1/250 ದಾಟಿಸುವುದಾದರೆ ವೇಗದ ಶಟರ್‌ಗೆ ಫ್ಲ್ಯಾಶ್ ಹೊಂದಿಸುವ ಹೈ ಸ್ಪೀಡ್ ಸಿಂಕ್ ಹಾಕಿ, ಇಲ್ಲವಾದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ.

ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ತೋಟಗಾರಿಕೆ ಇಲಾಖೆಯವು. ಮದುವೆ ಉಡುಪಿನ ಶೂಟಿಗೆ ಅವಕಾಶ ಇದೆಯೇ ಎಂದು ಮೊದಲೇ ವಿಚಾರಿಸಿ, ಗೇಟಿನಲ್ಲಿ ವಾದ ಬೇಡ. ನಂದಿ ಬೆಟ್ಟದಲ್ಲಿ ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಕೋತಿಗಳಿವೆ. ಮುಂಜಾನೆ ಇಬ್ಬನಿ ಹುಲ್ಲಿನಲ್ಲಿ ಸೀರೆಯ ಅಂಚು ನೆನೆಯುತ್ತದೆ. ಮದುಮಗಳು ನಿಲ್ಲುವ ಜಾಗದವರೆಗೆ ಸೀರೆ ಎತ್ತಿ ಹಿಡಿಯಲು ಒಬ್ಬರಿರಲಿ, ಜೊತೆಗೆ ಒಂದು ಡಜನ್ ಸೇಫ್ಟಿ ಪಿನ್.

ಮನೆಯವರು ಕೇಳುವ ನೇರ ನಿಲುವಿನ ಫೋಟೊಗಳನ್ನು ಮೊದಲ ಹತ್ತು ನಿಮಿಷದಲ್ಲೇ ಮುಗಿಸಿಬಿಡಿ. ಆಮೇಲೆ ಪ್ರಯೋಗ. ಸೂರ್ಯ ಮುಳುಗಿದ ಕೂಡಲೇ ಚೀಲ ಕಟ್ಟಬೇಡಿ. ಮುಂದಿನ ಹತ್ತು ನಿಮಿಷ ಪಶ್ಚಿಮದ ಆಕಾಶವೇ ದೊಡ್ಡ ಸಾಫ್ಟ್‌ಬಾಕ್ಸ್ (ಮೆದು ಬೆಳಕಿನ ಪೆಟ್ಟಿಗೆ). ಜೋಡಿಯನ್ನು ಅತ್ತ ತಿರುಗಿಸಿ, ಐಎಸ್‌ಒ 1600ಕ್ಕೆ ಏರಿಸಿ, ಅಲುಗಾಡಬೇಡಿ ಎಂದು ಹೇಳಿ ತೆಗೆಯಿರಿ.