ಒಂದು ದಿನ, ಒಂದೇ ನಡಿಗೆ, ಏಳೇ ಚಿತ್ರ

‘ತುಮಕೂರಿಂದ ಬೆಂಗಳೂರಿಗೆ ರೈಲು ಹತ್ತಿ ಹೋಗಿ ಏಳು ಚಿತ್ರ ನೋಡ್ಕೊಂಡು ಬರ್ತೀರಾ ಸಾರ್?’ ಅಂತ ನಮ್ಮ ಡ್ರಾಯಿಂಗ್ ಮೇಷ್ಟ್ರುಗಳೆಲ್ಲ ನಕ್ಕಿದ್ದರು. ನಗಲಿ ಬಿಡಿ. ಎರಡು ವರ್ಷದಲ್ಲಿ ಇಪ್ಪತ್ತು ಸಲವಾದರೂ ಹೋಗಿ ಬಂದಿದ್ದೇನೆ. ನೋಡಿದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತವೆ.

ಏಳೇ ಚಿತ್ರ ಅನ್ನೋ ಈ ಪದ್ಧತಿಗೆ ಬರೋಕೆ ದುಡ್ಡು ಚೆನ್ನಾಗಿಯೇ ಹೋಯಿತು. ಮೊದಲ ಸಲ ಸಿಎಲ್ ಹಾಕಿ ಸೋಮವಾರ ಹೋದೆ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರವೇ ರಜೆ! ಗೇಟು ನೋಡಿಕೊಂಡು ಬಂದೆ. ಆಮೇಲೆ ಒಂದು ಜನವರಿಯಲ್ಲಿ ಚಿತ್ರಸಂತೆ. ಕುಮಾರಕೃಪಾ ರಸ್ತೆ ತುಂಬ ಲಕ್ಷಾಂತರ ಜನ. ಎಲ್ಲಾ ನೋಡಬೇಕು ಅಂತ ಹೋಗಿ ಜನರ ಬೆನ್ನು ನೋಡಿದೆ. ಎರಡು ಸಾವಿರ ಚಿಲ್ಲರೆಗೆ ಕೊಂಡ ಚಿತ್ರದ ಗಾಜು ಬಸ್ಸಲ್ಲೇ ಒಡೆಯಿತು. ಇನ್ನೊಂದು ಸಲ ವಿಲ್ಸನ್ ಗಾರ್ಡನ್, ಇಂದಿರಾನಗರ, ಅರಮನೆ ರಸ್ತೆಯ ಗ್ಯಾಲರಿಗಳನ್ನೆಲ್ಲ ಒಂದೇ ದಿನಕ್ಕೆ ಇಟ್ಟುಕೊಂಡೆ. ಆಟೋಗೇ 700 ರೂಪಾಯಿ ಆಯಿತು. ಒಂದು ಕಡೆ ಹಳೇ ಚಿತ್ರ ಇಳಿಸಿ ಹೊಸದು ತೂಗುಹಾಕುತ್ತಿದ್ದರು, ಬಾಗಿಲೇ ತೆಗೆಯಲಿಲ್ಲ. ಪ್ರದರ್ಶನಗಳ ಉದ್ಘಾಟನೆಗೂ ಹೋದೆ. ಭಾಷಣ, ಟೀ, ಸಮೋಸ ಚೆನ್ನಾಗಿರುತ್ತವೆ. ಚಿತ್ರದ ಮುಂದೆ ಮಾತ್ರ ಯಾರೋ ನಿಂತು ಮಾತಾಡುತ್ತಿರುತ್ತಾರೆ. ರೈಲೂ ತಪ್ಪಿತು.

ಈಗ ಹಾಗಿಲ್ಲ. ಬೆಳಗಿನ ರೈಲು, ಮೆಜೆಸ್ಟಿಕ್‌ನಿಂದ ಮೆಟ್ರೊ, ವಿಧಾನಸೌಧದಲ್ಲಿ ಇಳಿದು ನಡಿಗೆ. ಅರಮನೆ ರಸ್ತೆಯ ಆ ಗ್ಯಾಲರಿ ಇರುವ ಮಾಣಿಕ್ಯವೇಲು ಬಂಗಲೆಯ ಟಿಕೆಟ್ 20 ರೂಪಾಯಿ. ಮೊದಲ ಸುತ್ತಿನಲ್ಲಿ ಎಲ್ಲೂ ನಿಲ್ಲುವುದಿಲ್ಲ, ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ. ಕಾಲು ತಾನಾಗಿ ನಿಧಾನವಾದ ಕಡೆ ಮನಸ್ಸಲ್ಲೇ ಗುರುತು. ಎರಡನೇ ಸುತ್ತಿನಲ್ಲಿ ಅವುಗಳ ಮುಂದೆ ಮಾತ್ರ, ಒಂದೊಂದಕ್ಕೆ ಹದಿನೈದು ನಿಮಿಷ. ಹೆಸರಿನ ಚೀಟಿ ಕೊನೆಗೆ ಓದುವುದು. ಊಟ ಮುಗಿಸಿ ನಡೆದೇ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ. ಅಲ್ಲಿ ಪ್ರದರ್ಶನಗಳು ಬೇಗ ಬೇಗ ಬದಲಾಗುತ್ತವೆ, ಹೋದಾಗಲೆಲ್ಲ ಹೊಸತು. ಎಷ್ಟೋ ಸಲ ಕಲಾವಿದರೇ ಕುರ್ಚಿ ಹಾಕಿಕೊಂಡು ಬೇಜಾರಲ್ಲಿ ಕೂತಿರುತ್ತಾರೆ. ಅವರನ್ನು ಒಂದು ಗಂಟೆ ಮಾತಾಡಿಸುವ ಪ್ರಶ್ನೆ ಒಂದು ನನ್ನ ಹತ್ತಿರ ಇದೆ. ಅದನ್ನು ಹೇಳುವುದಿಲ್ಲ. ಬೆಲೆ ಎಷ್ಟು ಅನ್ನೋದಂತೂ ಅಲ್ಲ.

ಪರಿಷತ್ತಿನಲ್ಲಿ ರಷ್ಯಾದ ಚಿತ್ರಕಾರರಾದ ರೋರಿಚ್ ತಂದೆ-ಮಗನ ವಿಭಾಗದಲ್ಲಿ ನನ್ನ ಏಳರ ಲೆಕ್ಕ ತಪ್ಪುತ್ತದೆ. ತಂದೆ ನಿಕೋಲಸ್ ರೋರಿಚ್ ಬರೆದ ಹಿಮಾಲಯದ ನೀಲಿ ನೋಡಿದ್ದೀರಲ್ವಾ? ಎಣ್ಣೆಬಣ್ಣದ ಹಾಗೆ ಮಿನುಗುವುದಿಲ್ಲ, ಅದು ಪುಡಿ ಬಣ್ಣಕ್ಕೆ ಮೊಟ್ಟೆಯನ್ನೋ ಅಂಟನ್ನೋ ಬೆರೆಸಿ ಮಾಡುವ ಟೆಂಪೆರಾ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಗೊತ್ತಾಗುತ್ತದೆ. ಆ ನೀಲಿ ಮನೆಯಲ್ಲಿ ಮಾಡಿಯೇ ತೀರಬೇಕು ಅಂತ ಹಟ ಹಿಡಿದೆ. ಪೋಸ್ಟರ್ ಕಲರ್ ಸುಣ್ಣದ ಗೋಡೆ ಹಾಗೆ ಕಂಡಿತು. ಪುಡಿ ಬಣ್ಣಕ್ಕೆ ಮೊಟ್ಟೆಯ ಹಳದಿ ಬೆರೆಸಿದೆ, ಹಸಿರಿಗೆ ತಿರುಗಿತು. ಒಂದು ಡಜನ್ ಮೊಟ್ಟೆ ಹಾಳಾಯಿತು. ‘ಆಮ್ಲೆಟ್ ಆದ್ರೂ ಆಗ್ತಿತ್ತು’ ಅಂದಳು ಹೆಂಡತಿ. ಆಮೇಲೆ ನೀರಿನ ಅಳತೆ ಬದಲಿಸಿದ ಮೇಲೆ ಹತ್ತಿರ ಹತ್ತಿರ ಬಂತು. ಅಳತೆ ಕೇಳಬೇಡಿ.

ಒಟ್ಟು ಖರ್ಚು ಊಟ ಸೇರಿ ಮುನ್ನೂರರ ಆಸುಪಾಸು. ಕಸ್ತೂರ್ಬಾ ರಸ್ತೆಗೆ ಬೇರೆ ದಿನ ಇಟ್ಟಿದ್ದೇನೆ. 2023ರಲ್ಲಿ ತೆರೆದ ಮ್ಯಾಪ್ (ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ) ಒಂದಕ್ಕೇ ಅರ್ಧ ದಿನ ಬೇಕು. ಎರಡೂ ಕಡೆ ಒಂದೇ ದಿನ ಮಾಡಿ ನೋಡಿದ್ದೇನೆ, ಮಧ್ಯಾಹ್ನ ಮೂರರ ಮೇಲೆ ಕಣ್ಣಿಗೆ ಏನೂ ಹತ್ತುವುದಿಲ್ಲ.

ಹೋದ ಸಲ ನಕ್ಕಿದ್ದವರಲ್ಲೇ ಒಬ್ಬ ಮೇಷ್ಟ್ರು ಜೊತೆಗೆ ಬಂದಿದ್ದರು. ಏಳು ತುಂಬಾ ಕಡಿಮೆ ಆಯ್ತು ಅಂತ ದಾರಿಯುದ್ದಕ್ಕೂ ಗೊಣಗಿದರು. ಮೂರನೇ ಚಿತ್ರದ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. ರೈಲಿಗೆ ಹೊತ್ತಾಯಿತು ಅಂತ ನಾನೇ ಕೈ ಹಿಡಿದು ಎಳೆದುಕೊಂಡು ಬಂದೆ.