11 ಸೆಕೆಂಡಿನ ರೆಕಾರ್ಡಿಂಗ್

ಮಗಳು ತೀರಿಹೋಗಿ ಎಂಟು ತಿಂಗಳಾದ ಮೇಲೆ ಅವಳ ಬಗ್ಗೆ ಪುಸ್ತಕ ಬರೆಯಲು ಕೂತೆ. ಅಷ್ಟು ದಿನ ಒಂದು ಹಾಡನ್ನೂ ಕೇಳಿರಲಿಲ್ಲ. ಸಂಗೀತ ವಿಮರ್ಶೆಯೇ ನನ್ನ ಕೆಲಸ, ಆದರೂ ಹೆಡ್‌ಫೋನ್ ಮುಟ್ಟಲು ಆಗುತ್ತಿರಲಿಲ್ಲ. ಬರವಣಿಗೆ ಮಾತ್ರ ಕೈ ಕೊಡುವುದಿಲ್ಲ ಅಂದುಕೊಂಡಿದ್ದೆ. ಹದಿನೇಳು ವರ್ಷದಿಂದ ಅದನ್ನೇ ತಾನೇ ಮಾಡಿಕೊಂಡು ಬಂದಿರುವುದು?

ಮೊದಲ ನಲವತ್ತು ಪುಟ ನಿಜಕ್ಕೂ ಸಲೀಸಾಗಿ ಬಂತು. ಹೆಂಡತಿಗೆ ಓದಲು ಕೊಟ್ಟೆ. ಎರಡು ದಿನ ಅವಳು ಏನೂ ಹೇಳಲಿಲ್ಲ. ಆಮೇಲೆ, "ಚೆನ್ನಾಗಿ ಬರೆದಿದ್ದೀರಿ. ಆದರೆ ಇದರಲ್ಲಿ ಅವಳಿಲ್ಲ, ನೀವೇ ಇದ್ದೀರಿ" ಅಂದಳು.

ಸಿಟ್ಟು ಬಂತು. ಮತ್ತೆ ಓದಿದಾಗ ಗೊತ್ತಾಯಿತು. ಏನಾಯಿತು ಅಂತ ಹೇಳುವ ಮೊದಲೇ ಅದು ಹೇಗಿತ್ತು ಅಂತ ತೀರ್ಪು ಕೊಡುವುದು ನಮ್ಮಂಥವರ ಚಟ. ಪುಟ ಪುಟದಲ್ಲೂ ಅದೇ. 'ಅಸಹನೀಯ ಮೌನ', 'ತಳವಿಲ್ಲದ ದುಃಖ'. ಇಂಥ ಮಾತು ಯಾರ ಮಗು ಸತ್ತರೂ ಹೊಂದುತ್ತದೆ, ಅಲ್ವಾ?

ಆ ಹೊತ್ತಲ್ಲಿ ನನ್ನದೇ ಒಂದು ಹಳೇ ವಿಮರ್ಶೆ ತೆಗೆದು ನೋಡಿದೆ. ಜರ್ಮನ್ ಕವಿ ಫ್ರೀಡ್ರಿಶ್ ರ್ಯೂಕರ್ಟ್ 1833–34ರಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡು 428 ಕವನ ಬರೆದ. ಅದರಲ್ಲಿ ಐದನ್ನು ಆರಿಸಿಕೊಂಡು ಸಂಗೀತಗಾರ ಗುಸ್ತಾವ್ ಮಾಹ್ಲರ್ 1901ರಿಂದ 1904ರ ನಡುವೆ ರಾಗ ಹಾಕಿದ. ನನ್ನ ವಿಮರ್ಶೆ ಆ ಹಾಡುಗಳ ಬಗ್ಗೆ. ಮೊದಲ ಹಾಡಿನಲ್ಲಿ, ರಾತ್ರಿ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸೂರ್ಯ ಹುಟ್ಟುತ್ತಾನೆ. ನಡುನಡುವೆ ಗ್ಲಾಕನ್‌ಶ್ಪೀಲ್ ಎಂಬ ವಾದ್ಯದ ಪುಟ್ಟ ಗಂಟೆದನಿ ಕೇಳುತ್ತದೆ. ಅದನ್ನು ನಾನು 'ಸೊಗಸಾದ ಅಲಂಕಾರ' ಅಂತ ಬರೆದಿದ್ದೆ. ಅವಳು ಹೋದ ಬೆಳಿಗ್ಗೆ ವಾರ್ಡಿನ ಹೊರಗೆ ಲಿಫ್ಟ್ ಬಂದಾಗಲೆಲ್ಲ ಟಿಂಗ್ ಅನ್ನುತ್ತಿತ್ತು. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅಲಂಕಾರವಂತೆ! ಓದಿ ನಾಚಿಕೆಯಾಯಿತು.

ನಲವತ್ತು ಪುಟ ಪಕ್ಕಕ್ಕಿಟ್ಟೆ. ಆ ಲಿಫ್ಟಿನಿಂದಲೇ ಮತ್ತೆ ಶುರು ಮಾಡಿದೆ.

ಸಂಗೀತ ಕಛೇರಿಯಲ್ಲಿ ಕೂತಾಗ ನಾನು ಸುಮ್ನೆ ಸಮಯ ಮತ್ತು ಸದ್ದು ಗುರುತು ಹಾಕಿಕೊಳ್ಳುತ್ತೇನೆ. ಅಭಿಪ್ರಾಯ ಮನೆಗೆ ಬಂದ ಮೇಲೆ. ಪುಸ್ತಕಕ್ಕೂ ಹಾಗೇ ಮಾಡೋಣ, ಆದರೆ ಅಭಿಪ್ರಾಯ ಮಾತ್ರ ಬೇಡ ಅಂದುಕೊಂಡೆ. ಫೋನಿನಲ್ಲಿ ಅವಳು ಹಾಡಿದ 11 ಸೆಕೆಂಡಿನ ರೆಕಾರ್ಡಿಂಗ್ ಇತ್ತು. ಕೇಳಲು ಮೂರು ವಾರ ಬೇಕಾಯಿತು. ಕೇಳಿದಾಗ ತಲೆಗೆ ಬಂದ ಮೊದಲ ಯೋಚನೆ ಏನು ಗೊತ್ತಾ? 'ಶ್ರುತಿ ಇಳಿಯುತ್ತಿದೆ.' ಇದನ್ನೂ ಬರೆದೆ. ಮೂರನೇ ಸೆಕೆಂಡಿಗೆ ಬಾಗಿಲು ಬಡಿಯುತ್ತದೆ. ಐದಕ್ಕೆ ಉಸಿರು ಸಾಲದೆ ಪದ ಅರ್ಧಕ್ಕೆ ನಿಲ್ಲುತ್ತದೆ. ಏಳಕ್ಕೆ ನಗು. ಬರೆಯುವಾಗ ನನಗೆ ಅಳು ಬರಲಿಲ್ಲ. ಹೆಂಡತಿ ಓದಿ ಅತ್ತಳು, ಆಮೇಲೆ "ಬಾಗಿಲು ಬಡಿದದ್ದು ನಾನು" ಅಂದಳು.

ಅಲ್ಲಿಂದ ಪುಸ್ತಕ ಇಬ್ಬರದೂ ಆಯಿತು. ಜಗಳವೂ ಆಯಿತು. ಕೊನೆಯ ರಾತ್ರಿ ಮಾನಿಟರ್ ಸದ್ದು ಮಾಡುತ್ತಿರಲಿಲ್ಲ ಅಂತ ನಾನು ಬರೆದಿದ್ದೆ. ಅದು ಕಿರುಚುತ್ತಲೇ ಇತ್ತು, ನರ್ಸ್ ಬಂದು ಆಫ್ ಮಾಡಿದರು ಅಂತ ಅವಳು. ಕಿವಿ ನನ್ನ ಹೊಟ್ಟೆಪಾಡು, ಅದೇ ತಪ್ಪಿತು ಅಂತ ಒಪ್ಪುವುದು ಕಷ್ಟ. ಕೊನೆಗೆ ಎರಡನ್ನೂ ಹಾಗೇ ಬಿಟ್ಟೆವು, ಅವಳ ಮಾತು ಅವಳದೇ ಅಂತ ಹೇಳಿ.

ಹೊರಗೆ ತರಬೇಕಾ ಬೇಡವಾ ಅನ್ನುವುದೇ ಜಾಸ್ತಿ ಕಾಡಿತು. ಆಗ ಹರ್ಬರ್ಟ್ ಹೋವೆಲ್ಸ್ ನೆನಪಾದ. ಇಂಗ್ಲೆಂಡಿನ ಈ ಸಂಗೀತಗಾರನ ಒಂಬತ್ತು ವರ್ಷದ ಮಗ 1935ರಲ್ಲಿ ತೀರಿಕೊಂಡ. ಆ ದುಃಖದಲ್ಲಿ ರಚಿಸಿದ ದೊಡ್ಡ ಕೃತಿಯನ್ನು ಅವನು ವರ್ಷಗಟ್ಟಲೆ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಜನ ಅದನ್ನು ಕೇಳಿದ್ದು 1950ರಲ್ಲಿ. ಮಗಳು ಹೋದ ಮೇಲೆ ನಾನು ಪೂರ್ತಿಯಾಗಿ ಕೇಳಿದ ಮೊದಲ ಸಂಗೀತ ಅದೇ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಗೊತ್ತಿಲ್ಲ.

ನಾವು ಅಷ್ಟು ವರ್ಷ ಕಾಯಲಿಲ್ಲ. ಎರಡು ವರ್ಷಕ್ಕೆ ಪ್ರಕಾಶಕರಿಗೆ ಕೊಟ್ಟೆವು. ಕೊಡುವ ಹಿಂದಿನ ದಿನ ಹೆಂಡತಿ ಒಂದೇ ಒಂದು ಜಾಗ ತೆಗೆಸಿದಳು. ರೆಕಾರ್ಡಿಂಗಿನಲ್ಲಿ ನಗು ಆದ ಮೇಲೆ ಮಗಳು ಏನೋ ಹೇಳುತ್ತಾಳೆ. ಪುಸ್ತಕದಲ್ಲಿ ಅದು ಏಳನೇ ಸೆಕೆಂಡಿಗೇ ಮುಗಿಯುತ್ತದೆ.